ಹೊಳೆ ಬಂದಾಗ ನಾವು ಸುಮ್ಮನಿದ್ದೆವು

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ನೀರಿನ ಬಣ್ಣ ಬದಲಾಯಿತು. ಮುಂಡರಗಿಯಿಂದ ಗದಗಿಗೆ ಹೋಗುವ ಬಸ್ಸು ತಪ್ಪಬಾರದೆಂದು ಆಗ ತಾನೇ ಕೈಗಡಿಯಾರ ನೋಡಿಕೊಂಡಿದ್ದೆ, ಅದಕ್ಕೇ ಗಂಟೆ ನೆನಪಿದೆ. ತಲೆಯೆತ್ತಿದರೆ, ಕೊರ್ಲಹಳ್ಳಿಯ ದಡದ ಕೆಳಗೆ ಮಧ್ಯಾಹ್ನವೆಲ್ಲ ತಿಳಿಯಾಗಿದ್ದ ತುಂಗಭದ್ರೆ ಕೆಂಪಗಾಗಿತ್ತು. ಒಣ ಕಡ್ಡಿ, ಎಲೆ, ಹಳದಿ ನೊರೆ ತೇಲಿ ಬರುತ್ತಿದ್ದವು. ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿದೆ ಎಂದು ಬೆಳಿಗ್ಗೆ ಬಸ್ಸಿನಲ್ಲಿ ಯಾರೋ ಹೇಳಿದ್ದರು. ನಮ್ಮ ತಲೆಯ ಮೇಲೆ ಮಾತ್ರ ಒಂದು ತುಣುಕು ಮೋಡವಿರಲಿಲ್ಲ.

ನಾನು ಅದನ್ನು ನೋಡಿದೆ. ದಡದ ಬುಡದ ಮರಳಿನಲ್ಲಿ ನನ್ನ ಜೊತೆ ನಿಂತಿದ್ದ ವಿದ್ಯಾರ್ಥಿಗಳೂ ನೋಡಿದರು. ಯಾರೂ ಮಾತಾಡಲಿಲ್ಲ.

ಮಾತಾಡದೆ ಇದ್ದದ್ದಕ್ಕೆ ಕಾರಣವಿತ್ತು. ಹೊಳೆಯ ನಡುವಿನ ಮರಳ ದಿಬ್ಬದ ಆಚೆ ತುದಿಯಲ್ಲಿ ನಮ್ಮ ಕಾಲೇಜಿನ ಹುಡುಗಿಯೊಬ್ಬಳು ದಡಕ್ಕೆ ಬೆನ್ನು ಮಾಡಿ, ಚೆಂಡಿನ ಮೇಲೆ ಬಾಗಿ ನಿಂತಿದ್ದಳು. ಗಾಲ್ಫ್‌ನಲ್ಲಿ ಒಬ್ಬರು ಕೋಲು ಹಿಡಿದು ಚೆಂಡಿನ ಮುಂದೆ ನಿಂತರೆ ಉಳಿದವರೆಲ್ಲ ಸುಮ್ಮನಾಗಬೇಕು. ಮಾತಿಲ್ಲ, ಕೆಮ್ಮಿಲ್ಲ, ಕಾಲು ಸರಿಸುವ ಹಾಗಿಲ್ಲ. ನಮ್ಮ ನೆರಳು ಕೂಡ ಅವರ ಚೆಂಡಿನ ಮೇಲೆ ಬೀಳಬಾರದು. ಈ ಮಕ್ಕಳಿಗೆ ನಾನು ಕೋಲು ಹಿಡಿಯುವುದನ್ನು ಕಲಿಸುವ ಮೊದಲು ಕಲಿಸಿದ್ದು ಇದನ್ನೇ.

ನನಗೂ ಅದೇ ಮೊದಲ ಪಾಠವಾಗಿತ್ತು. ಅಪ್ಪ ಲಕ್ಷ್ಮೇಶ್ವರದ ಕಡೆಯವನು. ಹೊಟ್ಟೆಪಾಡಿಗಾಗಿ ದೂರದ ಒಂದು ಮಿಲಿಟರಿ ದಂಡಿನ ಊರಿಗೆ ಹೋಗಿ ಅಲ್ಲಿಯ ಗಾಲ್ಫ್ ಮೈದಾನದಲ್ಲಿ ಮಾಲಿಯಾದ. ನಾನು ಚಡ್ಡಿ ಹಾಕುವ ವಯಸ್ಸಿನಲ್ಲೇ ಸಾಹೇಬರ ಕೋಲಿನ ಚೀಲ ಹೊರುವ ಕೆಲಸಕ್ಕೆ ನಿಂತೆ. ಮೊದಲ ದಿನ ಅಪ್ಪ ಹೇಳಿದ್ದು ಇಷ್ಟೇ: "ಸಾಹೇಬ್ರು ಚೆಂಡಿನ ಮುಂದ ನಿಂತ್ರಂದ್ರ ಉಸುರು ಸುದ್ದಾ ಬಿಡಬ್ಯಾಡ. ನೀ ಅಲ್ಲೆ ಇಲ್ಲ ಅಂತ ತಿಳಕೋ."

ನಾನು ಇಲ್ಲವೆಂದು ತಿಳಿದುಕೊಳ್ಳುವುದರಲ್ಲಿ ಬಹಳ ಬೇಗ ಪಳಗಿದೆ. ಸಾಹೇಬರು ಬಿಸಾಕಿದ ಹಳೆಯ ಕೋಲಿನಿಂದ ಕತ್ತಲಾಗುವವರೆಗೆ ಆಡಿ ಆಟ ಕಲಿತೆ. ಬಿ.ಎ. ಮುಗಿಸಿದೆ. ಆಮೇಲೆ ವೃತ್ತಿಪರ ಆಟಗಾರನಾದೆ. ಹಾಗೆಂದರೆ ಜನ ದೊಡ್ಡದೇನನ್ನೋ ಊಹಿಸುತ್ತಾರೆ. ನನ್ನ ಮಟ್ಟಿಗೆ ಅದು ರೈಲಿನ ಮೇಲಿನ ಬರ್ತು, ಕಿಟಕಿ ತೆರೆದರೆ ಗೋಡೆ ಕಾಣುವ ಲಾಡ್ಜು, ಊರೂರಿಗೆ ಬೇರೆ ಬೇರೆ ರುಚಿಯ ಸಾರು. ನಾಲ್ಕು ದಿನದ ಸ್ಪರ್ಧೆಯಲ್ಲಿ ಎರಡನೆಯ ದಿನದ ಸಂಜೆ ಹಿಂದೆ ಬಿದ್ದವರನ್ನು ಮನೆಗೆ ಕಳಿಸುತ್ತಾರೆ. ಆ ಸಂಜೆಗಳು ನನಗೆ ಚೆನ್ನಾಗಿ ಗೊತ್ತು. ಚೀಲ ಕಟ್ಟಿಕೊಂಡು ರಿಕ್ಷಾ ಹಿಡಿಯುವಾಗ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಮದುವೆಯ ಮಾತು ಬಂದಾಗೆಲ್ಲ ಯಾವುದೋ ಊರಿನಲ್ಲಿ ಸ್ಪರ್ಧೆ ಇರುತ್ತಿತ್ತು. ಆಮೇಲೆ ಮಾತೂ ಬರಲಿಲ್ಲ. ಒಮ್ಮೆಯೂ ಗೆಲ್ಲಲಿಲ್ಲ. ಒಂದು ಸಲ ಗೆಲ್ಲುವ ಹತ್ತಿರ ಹೋಗಿದ್ದೆ. ಅದನ್ನು ಹೇಳಿಕೊಳ್ಳಲು ನನ್ನ ಹತ್ತಿರ ಯಾರೂ ಇರಲಿಲ್ಲವಾದ್ದರಿಂದ ಕೊನೆಗೆ ನನಗೇ ಅದರ ವಿವರ ಮಾಸಿಹೋಗಿದೆ.

ಸೊಂಟ ಹಿಡಿಯಲಾರಂಭಿಸಿದ ಮೇಲೆ ಅಪ್ಪ ಬಿಟ್ಟುಬಂದ ಸೀಮೆಗೇ ವಾಪಸು ಬಂದೆ. ಗದಗಿನ ಒಂದು ಕಾಲೇಜಿನಲ್ಲಿ ಆಟದ ಮಾಸ್ತರಿಕೆ ಸಿಕ್ಕಿತು. ಬೆಟಗೇರಿಯಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಗಾಲ್ಫ್ ಕಲಿಸುತ್ತೇನೆ ಎಂದಾಗ ಪ್ರಾಚಾರ್ಯರು ಚಹಾದ ಕಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಇಲ್ಲೆ ಕುಡಿಯಾಕ ನೀರಿಲ್ರಿ. ನಿಮ್ಮ ಆಟದ ಹುಲ್ಲಿಗೆ ಎಲ್ಲಿಂದ ತರೂನು?"

"ಹುಲ್ಲು ಬ್ಯಾಡ್ರಿ. ಇರೂ ನೆಲದಾಗ ಆಡತೇವಿ."

"ಆತು, ಮೊದಲ ಖೋಖೋ, ವಾಲಿಬಾಲ್ ಮಾಡ್ರಿ. ಉಳಿದ ಹೊತ್ತಿನ್ಯಾಗ ನಿಮ್ಮ ಬಡಿಗಿ ಬೀಸ್ರಿ."

ಹಾಗೆ ಶುರುವಾಯಿತು. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಚೆಂಡು ಬಿರುಕಿನೊಳಗೆ ಇಳಿದು ಹೋಗುತ್ತದೆ, ಕೈ ಹಾಕಿದರೂ ಸಿಗುವುದಿಲ್ಲ. ಮಳೆ ಬಂದರೆ ಚಪ್ಪಲಿಗೆ ಅಂಟಿಕೊಂಡು ನಮ್ಮನ್ನೇ ಹಿಡಿದು ನಿಲ್ಲಿಸುತ್ತದೆ. ಚೆಂಡನ್ನು ಮೆಲ್ಲಗೆ ಉರುಳಿಸಿ ಗುಳಿಗೆ ಹಾಕುವುದನ್ನು ಶಿರಹಟ್ಟಿಯ ಹತ್ತಿರದ ಒಂದು ಕಣದಲ್ಲಿ ಕಲಿಸಿದೆ. ಅದು ನನ್ನ ವಿದ್ಯಾರ್ಥಿಯೊಬ್ಬನ ಮನೆಯ ಕಣ. ಎಲ್ಲರಿಗಿಂತ ಎತ್ತರದ ಹುಡುಗ, ಚಿನ್ನಿದಾಂಡು ಆಡಿ ಬೆಳೆದವನು. ರಾಶಿ ಮುಗಿದ ಮೇಲೆ ಅವನ ತಾಯಿ ಕಣವನ್ನು ಸೆಗಣಿ ಹಾಕಿ ಸಾರಿಸಿ ಕೊಡುತ್ತಿದ್ದಳು. ದೊಡ್ಡ ಮೈದಾನಗಳ ಹುಲ್ಲಿಗಿಂತ ಚೆಂದ ಉರುಳುತ್ತಿತ್ತು ಚೆಂಡು. ದಾರಿಯಲ್ಲಿ ಹೋಗುವವರು ಎತ್ತು ನಿಲ್ಲಿಸಿ ಕೇಳುತ್ತಿದ್ದರು: "ಏನ್ರಿ ಸರ್ರ, ಗೋಲಿ ಆಡಾಕ ಇಷ್ಟುದ್ದ ಬಡಿಗಿ ಯಾಕ್ರಿ?"

ಮರಳು ಮಾತ್ರ ನಮ್ಮಲ್ಲಿರಲಿಲ್ಲ. ಗಾಲ್ಫ್ ಮೈದಾನದಲ್ಲಿ ಮರಳಿನ ಗುಂಡಿಗಳಿರುತ್ತವೆ. ಅದರೊಳಗೆ ಬಿದ್ದ ಚೆಂಡನ್ನು ಎಬ್ಬಿಸುವುದೇ ಒಂದು ವಿದ್ಯೆ. ಅದಕ್ಕೆಂದು ತಿಂಗಳಿಗೊಮ್ಮೆ ಮುಂಡರಗಿ ದಾಟಿ ಕೊರ್ಲಹಳ್ಳಿಯ ಹೊಳೆಗೆ ಹೋಗುತ್ತಿದ್ದೆವು. ಆ ವಿದ್ಯೆ ಆ ಹುಡುಗಿಯಷ್ಟು ಬೇಗ ಯಾರಿಗೂ ಹತ್ತಲಿಲ್ಲ. ಅವಳು ಲಕ್ಷ್ಮೇಶ್ವರದವಳು. ತಂದೆಯದು ಒಣಮೆಣಸಿನಕಾಯಿಯ ವ್ಯಾಪಾರ. ಮುಂದಿನ ತಿಂಗಳು ವಿಶ್ವವಿದ್ಯಾಲಯದ ತಂಡದ ಆಯ್ಕೆ ಇತ್ತು. ನಮ್ಮ ಸೀಮೆಯಿಂದ ಅಲ್ಲಿಗೆ ಹೋಗಬಲ್ಲವರು ಯಾರಾದರೂ ಇದ್ದರೆ ಅವಳೊಬ್ಬಳೇ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಮರಳಿನಲ್ಲಿ ನಿಲ್ಲುವಾಗ ಮೊದಲು ಪಾದಗಳನ್ನು ಹೊರಳಿಸಿ ಹೂತುಕೊಳ್ಳಬೇಕು. ಇಲ್ಲದಿದ್ದರೆ ಹೊಡೆಯುವಾಗ ಜಾರುತ್ತದೆ. ಆ ಸಂಜೆಯೂ ಅವಳು ಹಾಗೆ ಹೂತುಕೊಂಡೇ ನಿಂತಿದ್ದಳು. ಹೊಡೆಯಲು ಯಾವಾಗಲೂ ಸಮಯ ತೆಗೆದುಕೊಳ್ಳುತ್ತಿದ್ದಳು. ಅದನ್ನೂ ನಾನೇ ಕಲಿಸಿದ್ದು.

ಮೊದಲು ಕೂಗಿದ್ದು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು.

"ಏ ಸರ್ರ! ಹೊಳಿ ಬಂತ್ರಿ, ಹೊಳಿ! ಆ ಹುಡಿಗೀನ ಕರೀರಿ!"

ಶಿರಹಟ್ಟಿಯ ಎತ್ತರದ ಹುಡುಗ ತಿರುಗಿ, ಅಂಗೈ ಎತ್ತಿ ಅವಳಿಗೆ ಸುಮ್ಮನಿರುವಂತೆ ಸನ್ನೆ ಮಾಡಿದ. ನಾನು ಕಲಿಸಿದ ಹಾಗೆಯೇ, ಗದ್ದಲವಿಲ್ಲದೆ, ಮರ್ಯಾದೆಯಿಂದ. ಅದನ್ನು ನೋಡಿ ಒಂದು ಕ್ಷಣ ನನಗೆ ಸಂತೋಷವಾಯಿತು. ಇಷ್ಟು ದಿನ ಹೇಳಿದ್ದು ಹುಡುಗನಿಗೆ ಹತ್ತಿದೆ ಎಂದುಕೊಂಡೆ. ಆಮೇಲಿನ ವಾರಗಳಲ್ಲಿ ಕಣ್ಣು ಮುಚ್ಚಿದಾಗ ಕೆಂಪು ನೀರಿಗಿಂತ ಮೊದಲು ಬರುತ್ತಿದ್ದುದು ಆ ಸಂತೋಷ.

"ಕಿವ್ಯಾಗ ಅರಳಿ ಇಟಗೊಂಡೀರೇನು! ಸಾಯತಾಳ್ರೋ ಅಕಿ!" ಎಂದು ಹೆಂಗಸು ಒಗೆಯುವ ಕಲ್ಲಿನ ಮೇಲೆ ಎದ್ದು ನಿಂತು ಚೀರಿದಳು.

ಅಷ್ಟರಲ್ಲಿ ಹುಡುಗಿ ಹೊಡೆದಳು. ಚೆಂಡು ಮರಳಿನ ಹಾಳೆಯನ್ನೇ ಎತ್ತಿಕೊಂಡು ಮೇಲೆದ್ದು, ನಾನು ಗುರುತು ಹಾಕಿದ್ದ ಜಾಗದ ಪಕ್ಕಕ್ಕೇ ಬಿತ್ತು. ಅದಕ್ಕಿಂತ ಒಳ್ಳೆಯ ಹೊಡೆತವನ್ನು ನನ್ನ ಯಾವ ವಿದ್ಯಾರ್ಥಿಯೂ ಹೊಡೆದಿರಲಿಲ್ಲ. ಅವಳು ನಗುತ್ತ ನಮ್ಮ ಕಡೆ ತಿರುಗಿದಳು. ಅವಳಿಗೂ ನಮಗೂ ನಡುವೆ ತಗ್ಗಿದ್ದ ಜಾಗದಲ್ಲಿ ಆಗಲೇ ನೀರು ಓಡುತ್ತಿತ್ತು.

ಬಾ ಎಂದು ನಾವೆಲ್ಲ ಒಮ್ಮೆಲೇ ಕೂಗಿದೆವು. ಅವಳು ಓಡಿ ಬಂದು ನೀರಿಗೆ ಕಾಲಿಟ್ಟಳು. ಮೊಣಕಾಲುದ್ದವಿದ್ದ ನೀರು ನಾಲ್ಕು ಹೆಜ್ಜೆಗೆ ಸೊಂಟಕ್ಕೆ ಬಂತು. ಕೆಳಗಿನ ಮರಳು ಸರಿಯಿತು. ಅವಳು ಕುಸಿದಳು. ಎದ್ದಳು, ಮತ್ತೆ ಕುಸಿದಳು. ದಡದ ಹೆಂಗಸು ಒಗೆದಿಟ್ಟಿದ್ದ ಹಸಿ ಸೀರೆಯ ಒಂದು ತುದಿಯನ್ನು ಕಲ್ಲಿಗೆ ಸುತ್ತಿ ಇನ್ನೊಂದು ತುದಿಯನ್ನು ನಮ್ಮತ್ತ ಎಸೆದಳು. ಉಳಿದ ಹುಡುಗರು ದಡದ ಕಡೆಗೆ ಸರಿದು ಸೀರೆ ಹಿಡಿದರು. ನಾನು ಅದನ್ನು ತೋಳಿಗೆ ಸುತ್ತಿಕೊಂಡು ನೀರಿಗಿಳಿದೆ. ಎತ್ತರದ ಹುಡುಗ ನನ್ನ ಸೊಂಟದ ಪಟ್ಟಿ ಹಿಡಿದು ನನ್ನನ್ನೂ ದಾಟಿ ಮುಂದೆ ಬಾಗಿ ತನ್ನ ಕೋಲನ್ನು ಚಾಚಿದ. ಮೊದಲ ಸಲ ಅದು ಅವಳ ಕೈಯಿಂದ ಜಾರಿತು. ತಲೆ ಮುಳುಗಿತು. ಜಡೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು, ಅದೂ ಹೋಯಿತು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಮತ್ತೆ ಕೈ ಮೇಲೆ ಬಂದಾಗ ಅವಳು ಹಿಡಿದದ್ದು ಕೋಲಿನ ಕಬ್ಬಿಣದ ತಲೆಯನ್ನು. ಬಿಡಲಿಲ್ಲ.

ದಡದಲ್ಲಿ ಅವಳನ್ನು ಬೋರಲು ಮಲಗಿಸಿ ಬೆನ್ನು ತಟ್ಟಿದವಳೂ ಆ ಹೆಂಗಸೇ. ಹುಡುಗಿ ಕೆಮ್ಮಿ, ನೀರು ಕಾರಿ, ಅಳಲಾರಂಭಿಸಿದಳು. ಹೆಂಗಸು ಅವಳ ತಲೆ ಒರೆಸುತ್ತ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. "ನಿಮಗ ಕೇಳಿಸಿತ್ತಲ್ರಿ?" ಎಂದಳು ಅಷ್ಟೇ.

ಹುಡುಗಿಯನ್ನು ಮುಂಡರಗಿಯ ದವಾಖಾನೆಗೆ ತೋರಿಸಿ, ಅವಳ ತಂದೆಯನ್ನು ಕರೆಸಿ, ಕಳಿಸಿಕೊಟ್ಟೆ. ಅವನು ಮಗಳ ಭುಜ ಬಿಡದೆ ನಿಂತಿದ್ದ.

ಅವಳು ಕಾಲೇಜಿಗೆ ಬಂದಳು, ಪಾಠಕ್ಕೆ ಕೂತಳು, ಆಟದ ಬಯಲಿಗೆ ಮಾತ್ರ ಬರಲಿಲ್ಲ. ನಾನು ಉಳಿದವರಿಗೆ ಕಲಿಸಲು ಹೋದೆ. ಹುಡುಗರು ಚೆಂಡಿನ ಮುಂದೆ ನಿಲ್ಲುತ್ತಿದ್ದರು, ಎಲ್ಲರೂ ಸುಮ್ಮನಾಗುತ್ತಿದ್ದರು, ಆ ಸುಮ್ಮನಿರುವಿಕೆ ಶುರುವಾದ ಕೂಡಲೇ ನನ್ನ ಅಂಗೈ ಬೆವರುತ್ತಿತ್ತು. ಯಾರ ಹಿಂದೆ ಏನು ಬರುತ್ತಿದೆಯೋ ಎಂದು ಸುತ್ತ ನೋಡುತ್ತಿದ್ದೆ. ಬಯಲು, ಜಾಲಿ, ರಸ್ತೆಯ ಮೇಲೆ ಲಾರಿ, ಅಷ್ಟೇ. ಒಂದು ಸಂಜೆ ಏನೋ ನೆಪ ಹೇಳಿ ಅರ್ಧಕ್ಕೆ ಕೋಣೆಗೆ ಬಂದುಬಿಟ್ಟೆ. ಆಮೇಲೆ ನೆಪವನ್ನೂ ಹೇಳಲಿಲ್ಲ.

ನಿದ್ದೆ ಹೋಗಿತ್ತು. ಸ್ವಲ್ಪ ಜೊಂಪು ಹತ್ತುತ್ತಿದ್ದಂತೆ ಜಡೆ ಕಾಣುತ್ತಿತ್ತು, ಎದ್ದು ಕೂರುತ್ತಿದ್ದೆ. ಫೋನಿನಲ್ಲಿ ಎಷ್ಟೋ ಹೆಸರುಗಳಿದ್ದವು. ಜೊತೆಗೆ ಆಡಿದವರು, ಒಂದೇ ಲಾಡ್ಜಿನಲ್ಲಿ ಉಳಿದವರು. ಯಾರಿಗಾದರೂ ಹೇಳೋಣ ಎಂದು ಹುಡುಕುತ್ತ ಹೋದರೆ, ಯಾರೊಡನೆಯೂ ಆಟದ ಹೊರಗೆ ನಾನು ಮಾತಾಡಿಯೇ ಇರಲಿಲ್ಲ. ಏನೆಂದು ಶುರು ಮಾಡುವುದು? ಫೋನನ್ನು ಬೋರಲು ಹಾಕಿಡುತ್ತಿದ್ದೆ. ಅಪ್ಪ ಬದುಕಿದ್ದರೆ ಕೇಳುತ್ತಿದ್ದೆ ಎಂದುಕೊಳ್ಳುತ್ತಿದ್ದೆ. ಆದರೆ ಅವನೂ ನನ್ನೊಡನೆ ಬಹಳ ಮಾತಾಡಿದವನಲ್ಲ.

ಆಯ್ಕೆಗೆ ಹೆಸರು ಕಳಿಸುವ ದಿನ ಹತ್ತಿರ ಬಂತು. ಕೇಳದೆ ಅವಳ ಹೆಸರು ಕಳಿಸುವ ಹಾಗಿರಲಿಲ್ಲ, ಕಳಿಸದೆ ಬಿಡುವ ಹಾಗೂ ಇರಲಿಲ್ಲ. ಒಂದು ರವಿವಾರ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ದಾರಿಯಲ್ಲಿ ಮಾಗಡಿಯ ಕೆರೆ ಖಾಲಿ ಕಾಣಿಸಿತು. ಹಕ್ಕಿಗಳು ಬರುವ ಕಾಲ ಅದಲ್ಲ. ಏನು ಹೇಳಬೇಕೆಂದು ಇಡೀ ದಾರಿ ಜೋಡಿಸಿಕೊಂಡೆ.

ಜೋಡಿಸಿಕೊಂಡದ್ದೆಲ್ಲ ಹೊಸ್ತಿಲಲ್ಲೇ ಹೋಯಿತು. ಮನೆಯ ಮುಂಭಾಗದಲ್ಲಿ ಮೆಣಸಿನಕಾಯಿ ಚೀಲಗಳನ್ನು ಛಾವಣಿಗೆ ತಾಗುವಷ್ಟು ಪೇರಿಸಿದ್ದರು. ಬಾಯಿ ತೆರೆಯುವುದರೊಳಗೆ ಸೀನು ಹಿಡಿಯಿತು. ಒಂದಾದ ಮೇಲೊಂದು, ನಿಲ್ಲಲೇ ಇಲ್ಲ. ಹುಡುಗಿಯ ತಂದೆ ಎದ್ದು ಬಂದ.

"ಬರ್ರಿ ಸರ್ರ, ಒಳಗ ಬರ್ರಿ. ಹೊಸಬರಿಗೆ ಹಿಂಗ ಆಕ್ಕೈತಿ. ಬೀಗರು ಬಂದ್ರೂ ನಮ್ಮನಿ ಮುಂದ ಅಳಕೋತನ ಬರತಾರ."

"ನಾ... ಕ್ಷಮಾ ಕೇಳಾಕ..." ಸೀನಿದೆ. "ಅವತ್ತು ಹೊಳ್ಯಾಗ..." ಮತ್ತೆ ಸೀನಿದೆ.

ಒಳಗಿನಿಂದ ಒಬ್ಬ ಮುದುಕಿ, ಹುಡುಗಿಯ ಅಜ್ಜಿ, ನೀರಿನ ತಂಬಿಗೆ ತಂದು ನನ್ನ ಕೈಗಿಟ್ಟಳು. "ಮೊದಲ ಮುಖ ತೊಳಕೋರಿ. ಕ್ಷಮಾ ಎಲ್ಲಿ ಓಡಿ ಹೋಕ್ಕೈತಿ!"

ಹಿತ್ತಲಿನ ಕಟ್ಟೆಯ ಮೇಲೆ ಕುಳಿತೆವು. ಹುಡುಗಿ ಬಾಗಿಲಿಗೆ ಒರಗಿ ನಿಂತಳು. ನಾನು ನಡೆದದ್ದನ್ನು ಹೇಳಿದೆ. ನೀರಿನ ಬಣ್ಣ, ಹೆಂಗಸಿನ ಕೂಗು, ಹುಡುಗ ಎತ್ತಿದ ಅಂಗೈ, ನನಗಾದ ಸಂತೋಷ. ಅದನ್ನು ಬಿಡಬಹುದಿತ್ತು. ಬಿಡಲಿಲ್ಲ. ತಂದೆ ನೆಲ ನೋಡುತ್ತ ಕೇಳಿದ.

"ಕಂಡೂ ಒದರಲಿಲ್ರಿ?"

"ಇಲ್ರಿ."

"ಯಾಕ್ರಿ?"

"ಆಕಿ ಹೊಡಿಯಾಕ ನಿಂತಿದ್ಲು. ನಮ್ಮ ಆಟದಾಗ ಆಗ ಮಾತಾಡೂದಿಲ್ರಿ."

ಅಜ್ಜಿ ನಡುವೆ ಬಾಯಿ ಹಾಕಿದಳು. "ಎಂಥಾ ಆಟಾನೋ ಯಪ್ಪಾ! ಮನಿಗೆ ಬೆಂಕಿ ಬಿದ್ರ ಏನ ಮಾಡತೀರಿ? ಸನ್ನಿ ಮಾಡತೀರೇನು?" ಎಂದು ಅಂಗೈ ಎತ್ತಿ ತೋರಿಸಿದಳು. ಹುಡುಗಿ ಫಕ್ಕನೆ ನಕ್ಕು, ತಂದೆಯ ಮುಖ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲ.

"ಸರ್, ನನಗ ಕಾಲಿಗೆ ತಣ್ಣಗ ಹತ್ತಿತ್ರಿ. ನೀರು ಬಂದೈತಿ ಅಂತ ಗೊತ್ತಾತು. ಆದ್ರ ನೀವೆಲ್ಲಾ ಹಿಂದ ಇದ್ರಿ, ಯಾರೂ ಏನೂ ಅನ್ನಲಿಲ್ಲ. ಹಂಗಾರ ಏನೂ ಆಗಿಲ್ಲ ಅಂತ ನಿಂತೆ."

ಕೈಯಲ್ಲೇ ಉಳಿದಿದ್ದ ತಂಬಿಗೆಯನ್ನು ಕೆಳಗಿಟ್ಟು ಕೇಳಿದೆ. "ಬಯಲಿಗೆ ಬರೂದ ಬಿಟ್ಟಿ. ನೀರಿನ ಹೆದರಿಕೆ ಏನು?"

"ನೀರಿಂದಲ್ರಿ. ನೀರು ಹೊಳ್ಯಾಗ ಐತಿ, ನಾ ಅಲ್ಲಿಗೆ ಹೋಗೂದಿಲ್ಲ. ಬೆನ್ನಿನ ಹೆದರಿಕಿ. ಚೆಂಡಿನ ಮುಂದ ನಿಂತ್ರ ಹಿಂದ ಎಲ್ಲಾ ಸುಮ್ಮಗ ಆಕ್ಕೈತಲ್ರಿ, ಆಗ ಕೈ ನಡಗತಾವು."

ನನಗೂ ಹಾಗೇ ಆಗುತ್ತದೆ ಎಂದು ಹೇಳಿದೆ. ಈ ವಯಸ್ಸಿನವರೆಗೆ ಇನ್ನೊಬ್ಬರ ಮನೆಯಲ್ಲಿ ಕುಳಿತು ನನಗೆ ಹೆದರಿಕೆಯಾಗುತ್ತದೆ ಎಂದು ಹೇಳಿದ್ದು ಅದೇ ಮೊದಲು. ತಂದೆ ತಲೆಯೆತ್ತಿ ನನ್ನನ್ನು ಸರಿಯಾಗಿ ನೋಡಿದ.

"ಆಟಕ್ಕ ಹೋಗೂದು ಬಿಡೂದು ಅಕಿ ಮ್ಯಾಲ," ಎಂದ. "ಆದ್ರ ಒಂದು ಮಾತು ಖರೆ ಹೇಳ್ರಿ ಸರ್ರ. ಮತ್ತ ಹಂಗ ಏನರ ಬಂತಂದ್ರ, ಒದರತೀರೇನು?"

ಒದರುತ್ತೇನೆ ಎಂದು ಮಾತು ಕೊಡುವುದು ಸುಲಭವಿತ್ತು. "ಕಲೀಬೇಕ್ರಿ," ಎಂದೆ. "ನನಗೂ ಬರೂದಿಲ್ಲ."

ಮರುದಿನ ಅವಳು ಬಯಲಿಗೆ ಬಂದು, ಆಯ್ಕೆಗೆ ತನ್ನ ಹೆಸರು ಕಳಿಸಲು ಹೇಳಿದಳು. ನಾನು ಎಲ್ಲರನ್ನೂ ಕೂಡಿಸಿ ಹೇಳಿದೆ: ಇನ್ನು ಮುಂದೆ ಇಲ್ಲಿ ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾರು ಚೆಂಡಿನ ಮುಂದೆ ನಿಂತಿದ್ದರೂ, ನಿಲ್ಲು ಎಂದು ಕೂಗಬಹುದು. ಕೂಗಿದರೆ ಬೀಸಿದ ಕೋಲನ್ನು ಅರ್ಧದಲ್ಲೇ ತಡೆಯಬೇಕು. ಸ್ಪರ್ಧೆಯಲ್ಲಿ ಸುಮ್ಮನಿರೋಣ, ಆದರೆ ಕೂಗು ಬಂದರೆ ಕೈ ತಾನಾಗಿ ನಿಲ್ಲಬೇಕು. ಮೊದಲು ನನ್ನ ಮೇಲೆ ಪ್ರಯತ್ನಿಸಿ ಎಂದು ಚೆಂಡಿಟ್ಟುಕೊಂಡು ನಿಂತೆ.

ಯಾರೂ ಕೂಗಲಿಲ್ಲ. ಹೊಡೆದೆ. ಇನ್ನೊಂದು ಚೆಂಡಿಟ್ಟೆ. ಹಿಂದೆ ಕಿಸಿಕಿಸಿ ನಗು. "ನೀ ಒದರಲೇ." "ನೀ ಒದರು, ನಿನ್ನ ದನಿ ದೊಡ್ಡದೈತಿ." ಎತ್ತರದ ಹುಡುಗ ಕೊನೆಗೆ "ಸರ್, ನಿಲ್ರಿ" ಎಂದ, ಗುಡಿಯಲ್ಲಿ ಮಾತಾಡುವ ಹಾಗೆ. ಅಷ್ಟರಲ್ಲಿ ಚೆಂಡು ಜಾಲಿಯ ಗಿಡ ದಾಟಿತ್ತು. ಕೇಳಿಸಿತ್ತು, ಆದರೆ ಕೈ ನಿಂತಿರಲಿಲ್ಲ. ಹೊರಗಿನ ಸದ್ದನ್ನು ಕೇಳದಿರುವುದಕ್ಕೆಂದೇ ಒಂದು ಜೀವಮಾನ ಪಳಗಿಸಿದ ಕೈಗಳು.

ಹೀಗೇ ಕೆಲವು ಸಂಜೆಗಳು ಹೋದವು. ಹುಡುಗರು ಕೂಗಲು ಕಲಿತರು. ಹುಡುಗಿ ಚೆಂಡಿನ ಮುಂದೆ ನಿಂತಾಗ ಅವಳು ಕೇಳಿಕೊಂಡಿದ್ದಕ್ಕೆ ಹಿಂದೆ ಒಬ್ಬರು ಏನಾದರೂ ಮಾತಾಡುತ್ತಲೇ ಇರುತ್ತಿದ್ದರು. ಊಟ, ಸಿನಿಮಾ, ಯಾರದೋ ಮದುವೆ. ಅವಳ ಕೈ ನಡುಗುವುದು ನಿಂತಿತು. ನಾನು ಮಾತ್ರ ಎಷ್ಟು ಕೂಗಿದರೂ ಹೊಡೆದೇ ಬಿಡುತ್ತಿದ್ದೆ, ಕೋಣೆಗೆ ಹೋಗಿ ಕಣ್ಣು ಬಿಟ್ಟುಕೊಂಡು ಮಲಗುತ್ತಿದ್ದೆ.

ಆಯ್ಕೆಗೆ ಹೊರಡಲು ಇನ್ನೂ ಎರಡು ದಿನವಿರುವಾಗ ಒಂದು ಸಂಜೆ ಕೋಲನ್ನು ಹಿಂದಕ್ಕೆ ಎತ್ತಿದ್ದೆ, ಬೀಸಿದ್ದೆ, ಆಗ ಅವಳು ಗಂಟಲು ಹರಿಯುವ ಹಾಗೆ ಕೂಗಿದಳು.

"ಸರ್! ಎಮ್ಮಿ!"

ಕೈ ನಿಂತಿತು. ಕೋಲು ಚೆಂಡಿಗಿಂತ ಒಂದು ಗೇಣು ಹಿಂದೆ ನೆಲಕ್ಕೆ ಹೂತುಕೊಂಡಿತು, ಭುಜದವರೆಗೆ ಜುಮ್ಮೆಂದಿತು. ತಿರುಗಿ ನೋಡಿದರೆ ಖರೆಯೇ ಎಮ್ಮೆ. ಕೊರಳ ಹಗ್ಗ ಎಳೆದುಕೊಂಡು ಬಂದು, ನನ್ನ ಬೆನ್ನಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಮೆಲುಕು ಹಾಕುತ್ತಿತ್ತು. ಹುಡುಗರು ನೆಲದ ಮೇಲೆ ಬಿದ್ದು ನಕ್ಕರು. "ಇಷ್ಟು ದಿನ ನಾವು ಒದರಿದ್ವಿ, ಕೇಳಲಿಲ್ಲ. ಎಮ್ಮಿ ಅಂದ ಕೂಡ್ಲೆ ಕೇಳ್ತು ನೋಡ್ರಿ," ಎಂದ ಎತ್ತರದ ಹುಡುಗ. ಹುಡುಗಿ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. "ನಿಂತ್ರಿ, ಸರ್," ಎಂದಳು.

ಕೋಣೆಗೆ ಬಂದವನು ಊಟವನ್ನೂ ಮಾಡಲಿಲ್ಲ. ಭುಜಕ್ಕೆ ಎಣ್ಣೆ ಹಚ್ಚಿಕೊಂಡು ಸ್ವಲ್ಪ ಒರಗಿದೆ.

ಬಾಗಿಲು ಬಡಿಯುವ ಸದ್ದಿಗೆ ಎದ್ದಾಗ ಬಿಸಿಲು ಹಾಸಿಗೆಯ ನಡುವಿಗೆ ಬಂದಿತ್ತು. ಮನೆಯ ಒಡತಿ ಹೊರಗೆ ನಿಂತಿದ್ದಳು.

"ಆರಾಮ ಅದೀರಿಲ್ಲೋ ಸರ್ರ? ಹೊತ್ತು ಇಷ್ಟ ಏರಿದ್ರೂ ಬಾಗಲಾ ತಗೀಲಿಲ್ಲ. ನಿಮ್ಮ ಹಾಲು ಬೆಕ್ಕು ಕುಡದು ಹೋತು."

"ನಿದ್ದಿ ಹತ್ತಿಬಿಟ್ಟಿತ್ರಿ," ಎಂದೆ.